ನಿಮಗಿದು ಗೊತ್ತೇ? ಅರಳುಮರಳು ರಾತ್ರೋರಾತ್ರಿ ಬರುವುದಿಲ್ಲ!

ನಿನ್ನೆ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿದ ಅಜ್ಜಿ ಇವತ್ತು ಮಗನನ್ನೇ ‘ನೀನ್ಯಾರಪ್ಪ?’ ಎನ್ನುತ್ತಿದ್ದಾರೆಯೇ? ವಯಸ್ಸಾಯಿತೆಂದು ಸುಮ್ಮನಾಗಬೇಡಿ. ಮರೆಗುಳಿತನ ಬರಲು ವರ್ಷಗಳೇ ಬೇಕು. ಗಂಟೆ-ದಿನಗಳಲ್ಲಿ ಬಂದೆರಗಿ, ಬೆಳಗ್ಗೆ ತಗ್ಗಿ ಸಂಜೆಗೆ ಏರುವುದು ಡೆಲಿರಿಯಂ. ಹಳ್ಳಿಯಲ್ಲಿ ‘ಸನ್ನಿ ಹಿಡಿದಿದೆ’ ಎನ್ನುವುದು ಹೆಚ್ಚಾಗಿ ಇದನ್ನೇ.

ಕಾರಣ ತಲೆಯಲ್ಲೇ ಇರಬೇಕಿಲ್ಲ. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿಕೆ, ಕೊನೆಗೆ ಮಲಬದ್ಧತೆಯೂ ಸಾಕು. ಇಳಿವಯಸ್ಸಿನಲ್ಲಿ ಸೋಂಕಿದ್ದರೂ ಜ್ವರ ಕಾಣದಿರಬಹುದು. ಮೈಯಲ್ಲಿ ನೀರು ಕಡಿಮೆಯಾದರೂ ಬಾಯಾರಿಕೆ ಆಗದಿರಬಹುದು.

ಮೆಡಿಕಲ್ ಶಾಪಿನ ನೆಗಡಿ ಮಾತ್ರೆಯೂ ಆರೋಪಿಯೇ! ಅದರಲ್ಲಿರುವ ಕ್ಲೋರ್‌ಫೆನಿರಮಿನ್ ಮೊಮ್ಮಗನಿಗೆ ತೂಕಡಿಕೆ ತಂದರೆ, ಅಜ್ಜನಿಗೆ ಗೊಂದಲವನ್ನೇ ತರಬಲ್ಲದು.

ಕೂಗಾಡುವವರಿಗಿಂತ ಮಂಕಾಗಿ ಮಲಗಿಬಿಡುವವರೇ ಹೆಚ್ಚು. ‘ಪಾಪ, ಸುಸ್ತಾಗಿದೆ’ ಎಂದು ನಾವು ಬಿಟ್ಟುಬಿಡುವುದೂ ಇವರನ್ನೇ.

ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸಿ ನೋಡಿ: ಶನಿವಾರ, ಶುಕ್ರವಾರ, ಗುರುವಾರ... ನಿನ್ನೆ ಸಲೀಸಾಗಿ ಹೇಳುತ್ತಿದ್ದವರು ಇಂದು ತಡವರಿಸಿದರೆ ಗಮನ ಜಾರಿದೆ ಎಂದರ್ಥ. ಗಮನ ನಿಲ್ಲದಿರುವುದೇ ಈ ಕಾಯಿಲೆಯ ಮುಖ್ಯ ಗುರುತು. ಅಮೆರಿಕದ ಶರೋನ್ ಇನೌಯೆ ತಂಡ 1990ರಲ್ಲಿ ಪ್ರಕಟಿಸಿದ, ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಪರೀಕ್ಷಾ ವಿಧಾನದಲ್ಲೂ ಇದು ಕಡ್ಡಾಯ ಅಂಶ.

ಅದೇ ಇನೌಯೆ 1999ರಲ್ಲಿ ತೋರಿಸಿದ್ದು ಇನ್ನೂ ಸ್ವಾರಸ್ಯಕರ. ಆಸ್ಪತ್ರೆ ಸೇರಿದ, 70 ದಾಟಿದ 852 ಮಂದಿಯ ಅಧ್ಯಯನವದು. ಎಂದಿನ ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ. 15 ಮಂದಿಗೆ ಡೆಲಿರಿಯಂ ಬಂದರೆ, ವಿಶೇಷ ಆರೈಕೆ ಸಿಕ್ಕವರಲ್ಲಿ ಶೇ. 9.9 ಮಂದಿಗೆ ಮಾತ್ರ. ಆ ವಿಶೇಷವೇನು? ಕನ್ನಡಕ, ಶ್ರವಣ ಸಾಧನ, ಸಾಕಷ್ಟು ನೀರು, ಎಬ್ಬಿಸಿ ನಡೆಸುವುದು, ಮಲಗುವ ಮುನ್ನ ಬಿಸಿ ಹಾಲು, ಬೆನ್ನು ನೀವುವುದು! ನಾವೋ, ಅಡ್ಮಿಟ್ ಮಾಡುವಾಗ ಬಳೆ-ಉಂಗುರದ ಜೊತೆ ಕನ್ನಡಕವನ್ನೂ ಕವರಿಗೆ ಹಾಕಿ ಮನೆಗೆ ಕಳಿಸುತ್ತೇವೆ. ಹಾಸನದಿಂದಲೋ ರಾಯಚೂರಿನಿಂದಲೋ ವೈಟ್‌ಫೀಲ್ಡಿನ ಫ್ಲಾಟಿಗೆ ಬಂದ ಹಿರಿಯರಿಗೆ ವಾರ್ಡಿನ ಹಿಂದಿ-ಇಂಗ್ಲಿಷೇ ಅರ್ಧ ಗೊಂದಲ. ಕನ್ನಡ ಮಾತಾಡುವ ಮನೆಯವರೊಬ್ಬರು ಪಕ್ಕದಲ್ಲಿರುವುದೂ ಚಿಕಿತ್ಸೆಯ ಭಾಗವೇ.

‘ಯಾವಾಗಿನಿಂದ ಹೀಗೆ?’ ವೈದ್ಯರ ಮೊದಲ ಪ್ರಶ್ನೆ. ಲಾಗಿನ್ ಆಗಿ ಕೂತ ಮಗ-ಸೊಸೆಗಿಂತ ಅಡುಗೆಯಾಕೆಗೇ ಉತ್ತರ ಗೊತ್ತಿರಬಹುದು, ಅವರನ್ನೂ ಕೇಳಿ. ಮಾತ್ರೆಗಳ ಶೀಟುಗಳನ್ನೆಲ್ಲ ಜೊತೆಗೊಯ್ಯಿರಿ.

ಸಂಶೋಧಕರ ಪಾಡೂ ಇದೇ: ರೋಗಿ ಮೊದಲು ಹೇಗಿದ್ದರೆಂಬ ದಾಖಲೆಯೇ ಇರುವುದಿಲ್ಲ. ಡೆಲಿರಿಯಂ ಬಂದು ಹೋದವರಿಗೆ ಮುಂದೆ ಮರೆಗುಳಿತನದ ಅಪಾಯ ಹೆಚ್ಚು. ಹಾಗಾಗಿ ಆ ದಾಖಲೆಗೆ ಬೆಲೆಯಿದೆ. ಎಲೆಕ್ಟ್ರಾನಿಕ್ ಸಿಟಿಯ ಇನ್ಫೋಸಿಸ್‌ನ ಸಹಸಂಸ್ಥಾಪಕ ಕ್ರಿಸ್ ಗೋಪಾಲಕೃಷ್ಣನ್ ಅವರ 225 ಕೋಟಿ ರೂಪಾಯಿ ನೆರವಿನಿಂದ ಐಐಎಸ್‌ಸಿಯಲ್ಲಿ ಎದ್ದ ಮಿದುಳು ಸಂಶೋಧನಾ ಕೇಂದ್ರ, ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರ ನೆನಪು, ಆರೋಗ್ಯವನ್ನು ವರ್ಷವರ್ಷವೂ ದಾಖಲಿಸುತ್ತಿದೆ. ಗುರಿ 10,000 ಮಂದಿ.

ಮದ್ಯ ನಿಂತಾಗಲೂ ಡೆಲಿರಿಯಂ ಬರಬಹುದು. ದಿನಾ ಕುಡಿಯುವ ಅಭ್ಯಾಸವಿದ್ದರೆ ಆಪರೇಷನ್‌ಗೆ ಮೊದಲೇ ವೈದ್ಯರಿಗೆ ಹೇಳಿಬಿಡಿ. ಕುಡಿತ ಹಠಾತ್ತನೆ ನಿಂತ ಎರಡು-ಮೂರು ದಿನಕ್ಕೆ ನಡುಕ, ಭ್ರಮೆ ಶುರುವಾಗಬಹುದು, ಜೀವಕ್ಕೂ ಅಪಾಯ.

ಚಿಕಿತ್ಸೆಯ ಖರ್ಚಿನ ಚಿಂತೆಯೇ? ಪೀಣ್ಯದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದೀರಾ? ಇಎಸ್ಐ ಕಾರ್ಡ್ ಇದ್ದರೆ ನಿಮ್ಮನ್ನೇ ಅವಲಂಬಿಸಿದ ತಂದೆ-ತಾಯಿಗೂ ಚಿಕಿತ್ಸೆ ಉಂಟು. ಇಎಸ್ಐ ಆಸ್ಪತ್ರೆ ಪೀಣ್ಯದಲ್ಲೇ ಇದೆ.