ಹುಲ್ಲು ಹೊಡೆಯುವ ಮಿಷನ್ ಕೆಡುವುದು ದುಡಿದಲ್ಲ, ಸುಮ್ಮನಿದ್ದು

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಹೊಗೆಸೊಪ್ಪು ಮುರಿದು ಬ್ಯಾರನ್ನಿಗೆ ಏರಿಸುವ ಹೊತ್ತಿಗೇ ಬದುಗಳ ಮೇಲೆ ಹುಲ್ಲೂ ಸೊಂಟದೆತ್ತರ ಬೆಳೆದಿರುತ್ತದೆ. ಆಳುಗಳೆಲ್ಲ ಸೊಪ್ಪಿನ ಕೆಲಸಕ್ಕೆ ಹೋದ ಮೇಲೆ ಕುಡುಗೋಲು ಹಿಡಿಯುವವರಿಲ್ಲ. ಕೃಷ್ಣರಾಜನಗರದ ಗದ್ದೆ ಬದುಗಳ ಕಥೆಯೂ ಇದೇ. ಹೀಗಾಗಿ ಹೆಗಲಿಗೆ ತೂಗುಹಾಕಿಕೊಂಡು ಹುಲ್ಲು ಹೊಡೆಯುವ ಪೆಟ್ರೋಲ್ ಮಿಷನ್ ಸಣ್ಣ ರೈತನಿಗೂ ಬೇಕಾಗಿದೆ. ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಸಿಸಿ?’ ಎಂದು. ಅದು ಕೇಳಬೇಕಾದ ಪ್ರಶ್ನೆಯೇ, ಆದರೆ ಮೊದಲನೆಯದಲ್ಲ. ವರ್ಷದಲ್ಲಿ ಕೆಲವೇ ವಾರ ದುಡಿದು ಉಳಿದ ಕಾಲವೆಲ್ಲ ಮೂಲೆಯಲ್ಲಿರುವ ಈ ಯಂತ್ರದ ಆಯಸ್ಸು ತೀರ್ಮಾನವಾಗುವುದು ಆ ಬಿಡುವಿನ ತಿಂಗಳುಗಳಲ್ಲಿ. ಆಯ್ಕೆಯೂ ಅಲ್ಲಿಂದಲೇ ಶುರುವಾಗಬೇಕು.

ಕಾರಣ ಪೆಟ್ರೋಲಿನಲ್ಲಿದೆ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರ ಅಂಶ ಆವಿಯಾಗಿ, ಉಳಿದದ್ದು ಅಂಟಾಗುತ್ತದೆ. ಕಾರ್ಬುರೇಟರಿನ ಜೆಟ್ ತೀರಾ ಸಣ್ಣ ರಂಧ್ರ, ಅಷ್ಟು ಅಂಟೇ ಅದಕ್ಕೆ ಸಾಕು. ಒಳಗಿನ ತೆಳು ಡಯಾಫ್ರಂ ಹಾಳೆಯೂ ಗಡುಸಾಗುತ್ತದೆ. 2023ರಿಂದ ಬಂಕುಗಳಿಗೆ ಬರತೊಡಗಿದ ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್ ಈ ತೊಂದರೆಯನ್ನು ಹೆಚ್ಚಿಸಿದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತೇವ ಮಿತಿಮೀರಿದರೆ ನೀರು ಸಮೇತ ತಳಕ್ಕಿಳಿದು ಲೋಹವನ್ನು ತಿನ್ನುತ್ತದೆ. ಸಣ್ಣ ಎಂಜಿನ್‌ಗಳ ಹಲವು ಕೈಪಿಡಿಗಳು ಎಥೆನಾಲಿಗೆ ಶೇ 10ರ ಮಿತಿ ಹಾಕಿವೆ. ಅಮೆರಿಕ, ಕೆನಡಾದಲ್ಲಿ ಮನೆಯಂಗಳದ ಹಿಮ ಎಸೆಯುವ ಯಂತ್ರಕ್ಕೂ ಇದೇ ಕಾಯಿಲೆ. ಚಳಿಗಾಲ ಮುಗಿದೊಡನೆ ಇಂಧನಕ್ಕೊಂದು ವ್ಯವಸ್ಥೆ ಮಾಡದಿದ್ದರೆ ಮುಂದಿನ ಹಿಮಕ್ಕೆ ಅದೂ ಏಳುವುದಿಲ್ಲ. ಹಿಮವಿರಲಿ, ಹುಲ್ಲಿರಲಿ, ಋತುವಿಗೊಮ್ಮೆ ದುಡಿಯುವ ಎಂಜಿನ್ನಿನ ಹಣೆಬರಹ ಒಂದೇ.

ಹಾಗಾದರೆ ಯಾವುದನ್ನು ಕೊಳ್ಳಬೇಕು? ಟೂ ಸ್ಟ್ರೋಕ್ ಹಗುರ, ಯಾವ ಕೋನಕ್ಕೆ ವಾಲಿಸಿದರೂ ಓಡುತ್ತದೆ. ಆದರೆ ಲೀಟರ್ ಪೆಟ್ರೋಲಿಗೆ 20ರಿಂದ 40 ಮಿಲಿಲೀಟರ್, ಕೈಪಿಡಿ ಹೇಳಿದಷ್ಟು ಆಯಿಲ್ ಬೆರೆಸಲೇಬೇಕು. ಮರೆತರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಫೋರ್ ಸ್ಟ್ರೋಕಿಗೆ ಬೆರಕೆಯ ರಗಳೆಯಿಲ್ಲ, ಸದ್ದೂ ಕಡಿಮೆ. ಆದರೆ 35 ಸಿಸಿ ಎಂಜಿನ್ನಿಗೆ ಹಿಡಿಸುವುದೇ ಸುಮಾರು 100 ಮಿಲಿಲೀಟರ್ ಆಯಿಲ್, ಅದನ್ನು ದಿನವೂ ನೋಡಬೇಕು. ದಿನಕ್ಕೊಬ್ಬರು ಮಿಷನ್ ಹಿಡಿಯುವ ಮನೆಗೆ ಫೋರ್ ಸ್ಟ್ರೋಕ್ ಕ್ಷೇಮ. ಒಬ್ಬರೇ ಜತನದಿಂದ ಬಳಸುವುದಾದರೆ ಎರಡೂ ಸರಿ. ಬದು, ತೆಂಗಿನ ತೋಟದ ಹುಲ್ಲಿಗೆ 35 ಸಿಸಿ ಆಸುಪಾಸು ಸಾಕು. ಕಾಡಂಚಿನ ಲಂಟಾನ ಪೊದೆ ಕಡಿಯುವವರಿಗಷ್ಟೇ ಅದಕ್ಕಿಂತ ದೊಡ್ಡದು ಬೇಕು. ಉಳಿದವರಿಗೆ ಹೆಚ್ಚಿನ ಸಿಸಿ ಎಂದರೆ ಹೆಗಲಿಗೆ ಹೆಚ್ಚಿನ ಭಾರ.

ಅಗ್ಗದ ಮಿಷನ್ ತಂದು ಕೆಟ್ಟರೆ ಬಿಸಾಕಿದರಾಯಿತು ಎನ್ನುವವರಿದ್ದಾರೆ. ಅದು ಕೆಡುವುದು ಹುಲ್ಲು ಎದ್ದ ವಾರದಲ್ಲೇ ಆದ್ದರಿಂದ, ನಷ್ಟ ಮಿಷನ್ನಿನ ಬೆಲೆಗೆ ನಿಲ್ಲುವುದಿಲ್ಲ. ರೈತ ಸಂಪರ್ಕ ಕೇಂದ್ರದ ಮೂಲಕ ಸಿಗುವ ಸಹಾಯಧನವೂ ಕೊಳ್ಳುವ ದಿನದ ಹೊರೆ ಇಳಿಸುತ್ತದೆಯೇ ಹೊರತು ಮುಂದಿನ ರಿಪೇರಿಯ ಖರ್ಚನ್ನಲ್ಲ. ಬಾಡಿಗೆಗೆ ತರಬಹುದಲ್ಲ ಎಂಬ ಮಾತಿನಲ್ಲಿ ಹೆಚ್ಚು ತೂಕವಿದೆ. ರಾಜ್ಯದಲ್ಲಿ 2014ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯ ತರ್ಕವೇ ಅದು. ವರ್ಷಕ್ಕೆರಡು ದಿನದ ಕೆಲಸವಿರುವವರು ಕೊಳ್ಳದಿರುವುದೇ ಜಾಣತನ. ಆದರೆ ಮಳೆ ಬಿದ್ದಾಗ ಊರಿನ ಬದುಗಳೆಲ್ಲ ಒಟ್ಟಿಗೇ ಹಸಿರಾಗುವುದರಿಂದ ಸರದಿ ಕಾಯಬೇಕಾಗುತ್ತದೆ. ಬ್ಯಾಟರಿ ಮಿಷನ್ ಮನೆಯಂಗಳಕ್ಕೆ ಒಳ್ಳೆಯದು. ದಿನವಿಡೀ ಒದ್ದೆ ಹುಲ್ಲು ಹೊಡೆಯಲು ಒಂದಕ್ಕಿಂತ ಹೆಚ್ಚು ಬ್ಯಾಟರಿ ಬೇಕು. ಕಳೆನಾಶಕ ಸಿಂಪಡಿಸಿದರೆ ಖರ್ಚು ಕಡಿಮೆ ಎಂಬುದೂ ಪೂರ್ತಿ ಲೆಕ್ಕವಲ್ಲ. ಬೇರು ಸತ್ತ ಬದು ಇಳಿಜಾರಿನ ಕೆಂಪು ಮಣ್ಣಿನಲ್ಲಿ ಮಳೆಗೆ ಕೊಚ್ಚಿಹೋಗುತ್ತದೆ, ಗಾಳಿಗೆ ಹಾರಿದ ಔಷಧಿ ಪಕ್ಕದ ಸೊಪ್ಪಿಗೂ ತಗಲುತ್ತದೆ. ಕತ್ತರಿಸಿದ ಹುಲ್ಲಾದರೆ ಬೇರು ಬದುವನ್ನು ಹಿಡಿದಿರುತ್ತದೆ, ಮೇವು ದನಕ್ಕಾಗುತ್ತದೆ.

ಜತನಕ್ಕೆ ಬೇಕಾದ್ದು ದುಡ್ಡಿಗಿಂತ ಕ್ರಮ. ಪೆಟ್ರೋಲನ್ನು ಒಂದು ತಿಂಗಳಿಗೆ ಬೇಕಾದಷ್ಟೇ ತರಬೇಕು. ಏರ್ ಫಿಲ್ಟರಿನ ದೂಳು, ಎಂಜಿನ್ ರೆಕ್ಕೆಗಳಿಗೆ ಮೆತ್ತಿದ ಹುಲ್ಲನ್ನು ಆಯಾ ದಿನವೇ ತೆಗೆಯಬೇಕು. ಬ್ಲೇಡಿನ ಅಂಚುಗಳನ್ನೆಲ್ಲ ಸಮನಾಗಿ ಮಸೆಯದಿದ್ದರೆ ಅದುರಿ ಬೇರಿಂಗ್ ಸವೆಯುತ್ತದೆ. ಕಲ್ಲು ಸಿಡಿಯುವುದರಿಂದ ಕನ್ನಡಕ, ಬೂಟು ಬೇಕು. ಬೇರೆಯವರು 15 ಮೀಟರ್ ದೂರವಿರಬೇಕು. ಹಿಂಗಾರು ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಎಂಜಿನ್ ಓಡಿಸಬೇಕು. ಪ್ಲಗ್ ಬಿಚ್ಚಿ ಕೆಲವು ಹನಿ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲಗೆ ಎರಡು ಸಲ ಎಳೆದು, ಪ್ಲಗ್ ಮತ್ತೆ ಕೂರಿಸಿ ಒಣ ಜಾಗದಲ್ಲಿ ತೂಗುಹಾಕಬೇಕು. ಗೊಬ್ಬರದ ಮೂಟೆಗಳ ಪಕ್ಕ ಮಾತ್ರ ಬೇಡ, ಅಲ್ಲಿಯ ಉಪ್ಪಿನಂಶ ತುಕ್ಕಿಗೆ ಕರೆಯೋಲೆ.

ಇಷ್ಟಾದರೂ ಒಂದು ದಿನ ಡಯಾಫ್ರಂ, ಪ್ಲಗ್, ಹಗ್ಗ ಬದಲಿಸಬೇಕಾಗಿಯೇ ಬರುತ್ತದೆ. ಆದ್ದರಿಂದ ಬೆಲೆ ಕೇಳುವ ಮುನ್ನ ಈ ಮೂರು ಸಾಮಾನು ಅಂಗಡಿಯಲ್ಲಿ ಇವೆಯೇ, ಕೂರಿಸಿಕೊಡುವ ಮೆಕ್ಯಾನಿಕ್ ತಾಲ್ಲೂಕು ಕೇಂದ್ರದಲ್ಲಿದ್ದಾನೆಯೇ ಎಂದು ಕೇಳಬೇಕು. ಎರಡಕ್ಕೂ ಹೌದೆನ್ನುವ ಅಂಗಡಿಯಲ್ಲಿ ತುಸು ಹೆಚ್ಚು ಬೆಲೆ ಕೊಟ್ಟರೂ ನಷ್ಟವಿಲ್ಲ.