ಮೂರು ದಿನ, ಮೂರು ಸಾವಿರ, ಮುಂಬಯಿ!

“ಮುಂಬೈಕ್ಕ ಹೊಂಟೀರೇನ್ರಿ? ಕಿಸೆದಾಗ ಎಷ್ಟು ಇಟ್ಕೊಂಡೀರಿ?”

ಹುಬ್ಬಳ್ಳಿ ಸ್ಟೇಷನ್ನಿನ ಹೊರಗೆ ಚಹಾದ ಅಂಗಡಿಯವ ಕೇಳಿದ.

“ಮೂರು ಸಾವಿರ.”

“ಒಂದು ದಿನಕ್ಕೇನ್ರಿ?”

“ಅಲ್ಲ, ಮೂರು ದಿನಕ್ಕೆ. ಹೋಗಿ ಬರೋ ಖರ್ಚೂ ಅದರಲ್ಲೇ!”

ಚಹಾದ ದುಡ್ಡು ತಗೊಳ್ಳಲೋ ಬೇಡವೋ ಎಂಬಂತೆ ಆತ ನನ್ನ ಮುಖವನ್ನೇ ನೋಡಿದ. ಆಮೇಲೆ ತಗೊಂಡ ಅನ್ನಿ.

ಚಿತ್ರರಸಿಕ ಮಿತ್ರರೇ, ಮುಂಬಯಿ ನೋಡಬೇಕೆಂಬ ಆಸೆ ನಮ್ಮಲ್ಲಿ ಯಾರಿಗಿಲ್ಲ? ಆದರೆ ‘ಅಲ್ಲಿ ಉಸಿರಾಡೋಕ್ಕೂ ದುಡ್ಡು ಕೊಡಬೇಕಪ್ಪಾ’ ಎಂದು ಹೆದರಿಸುವವರೇ ಎಲ್ಲರೂ. ಅವರ ಮಾತು ಅರ್ಧ ನಿಜ. ಆ ಊರಿನಲ್ಲಿ ದುಬಾರಿಯಾದದ್ದು ಮುಖ್ಯವಾಗಿ ಒಂದೇ: ಮಲಗುವ ಜಾಗ. ನಡೆದಾಡುವುದು, ನೋಡುವುದು, ಹೊಟ್ಟೆ ತುಂಬಿಸಿಕೊಳ್ಳುವುದು ಇವೆಲ್ಲ ಬಡವನ ಜೇಬಿಗೂ ಎಟುಕುತ್ತವೆ. ಒಂದೇ ಷರತ್ತು. ಅದೇನೆಂದು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿದರೆ ನೀವು ಪುಟ ಮಗುಚಿಬಿಡುತ್ತೀರಿ!

ವಡಾಪಾವ್‌ನಿಂದ ಆರಂಭ

ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಹತ್ತಿದವನು ಮರುದಿನ ಗುರುವಾರ ಬೆಳಗ್ಗೆ ದಾದರ್‌ನಲ್ಲಿ ಇಳಿದೆ. ಸ್ಲೀಪರ್ ಟಿಕೆಟ್ಟು ಹೋಗಲು 420, ಬರಲು 420. ಎರಡನ್ನೂ ಹುಬ್ಬಳ್ಳಿಯಲ್ಲೇ ಮುಗಿಸಿದ್ದೆ. ದಾದರ್ ಹತ್ತಿರದ ಒಂದು ಡಾರ್ಮಿಟರಿಯಲ್ಲಿ ಮಂಚವೊಂದಕ್ಕೆ ರಾತ್ರಿಗೆ 550. ಮೇಲಿನ ಬರ್ತು, ಒಂದು ಫ್ಯಾನು, ಹನ್ನೆರಡು ಜನರ ಗೊರಕೆ! ಎರಡು ರಾತ್ರಿಗೆ 1,100. ಇಲ್ಲಿಗೇ 1,940 ಖಲಾಸ್. ಉಳಿದದ್ದು 1,060.

ಮುಂಬಯಿ ಸೆಂಟ್ರಲ್ ಸ್ಟೇಷನ್ನಿನಲ್ಲಿ 2021ರ ನವೆಂಬರಿನಲ್ಲಿ ರೈಲ್ವೆಯವರು ‘ಪಾಡ್ ಹೋಟೆಲ್’ ತೆರೆದರು. ದೊಡ್ಡ ಪೆಟ್ಟಿಗೆಯಂಥ ಗೂಡು, ಒಳಗೆ ಏಸಿ, ಟೀವಿ. ತೆರೆದಾಗಿನ ದರವೇ 12 ಗಂಟೆಗೆ 999 ರೂಪಾಯಿ. ನನ್ನಂಥವನು ಹೊರಗಿನಿಂದಲೇ ನಮಸ್ಕಾರ ಹಾಕಿ ಬರಬೇಕು.

ದಾದರ್ ಸ್ಟೇಷನ್ನಿನ ಹೊರಗೆ ವಡಾಪಾವ್ ತಿಂದೆ. 1966ರಲ್ಲಿ ಇದೇ ಸ್ಟೇಷನ್ನಿನ ಎದುರು ಅಶೋಕ್ ವೈದ್ಯ ಎಂಬುವರು ಮೊದಲು ಮಾರಿದರೆಂದು ಹೇಳುವ ತಿಂಡಿ ಇದು. ಗಿರಣಿ ಕೆಲಸಗಾರ ನಿಂತುಕೊಂಡೇ ತಿಂದು ಲೋಕಲ್ ಹಿಡಿಯಲಿ ಎಂದು ಹುಟ್ಟಿದ್ದು. ಎರಡು ತಿಂದರೆ ಮಧ್ಯಾಹ್ನದವರೆಗೆ ಹೊಟ್ಟೆ ತಕರಾರು ಮಾಡುವುದಿಲ್ಲ.

ಇನ್ನು ಓಡಾಟ. ಲೋಕಲ್ ರೈಲಿನ ಸೆಕೆಂಡ್ ಕ್ಲಾಸಿಗೆ ಮೊದಲ 10 ಕಿಲೋಮೀಟರಿಗೆ 5 ರೂಪಾಯಿ. ಹೌದು ಸ್ವಾಮಿ, ಐದೇ ರೂಪಾಯಿ! ಬೆಸ್ಟ್ ಬಸ್ಸಿನ ಕನಿಷ್ಠ ದರ 2019ರಿಂದ 5 ರೂಪಾಯಿ ಇತ್ತು, 2025ರ ಮೇ ತಿಂಗಳಿಂದ 10 ಆಯಿತು. ಆಟೋ ಬಾಂದ್ರಾದಿಂದ ಆಚೆಗೆ ಮಾತ್ರ; ಕೋಟೆ, ಚೌಪಾಟಿಯ ಕಡೆ ಟ್ಯಾಕ್ಸಿಯೇ ಗತಿ. ಟ್ಯಾಕ್ಸಿ ಹತ್ತಿದಿರೋ, ನಿಮ್ಮ ಒಂದು ಊಟ ಹೋಯಿತು. ಹಾಗಂತ ಟಿಕೆಟ್ ಇಲ್ಲದೆ ಲೋಕಲ್ ಹತ್ತಬೇಡಿ. ಐದು ರೂಪಾಯಿ ಉಳಿಸಲು ಹೋಗಿ 250 ದಂಡ ಕಟ್ಟಿ ಬಂದ ಜಾಣರನ್ನು ಡಾರ್ಮಿಟರಿಯಲ್ಲೇ ನೋಡಿದೆ. ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಒಂಬತ್ತು ಲೋಕಲ್ ಬಾಗಿಲ ಹತ್ತಿರ ಸುಳಿಯಬೇಡಿ. ಇಳಿಯಬೇಕಾದಲ್ಲಿ ಇಳಿಯಲಾಗದು, ಬೇಡದಲ್ಲಿ ಇಳಿಸಿಬಿಡುತ್ತಾರೆ!

ಮೂವತ್ತು ವರ್ಷದ ಮ್ಯಾಟಿನಿ

ಚೀಲ ಎಸೆದು ನೇರ ಓಡಿದ್ದು ಮರಾಠಾ ಮಂದಿರಕ್ಕೆ. ಮುಂಬಯಿ ಸೆಂಟ್ರಲ್ ಸ್ಟೇಷನ್ನಿನ ಎದುರೇ ಇದೆ. 1958ರಲ್ಲಿ ಕಟ್ಟಿದ ಟಾಕೀಸು. 1960ರ ಆಗಸ್ಟ್ 5ರಂದು ‘ಮೊಘಲ್-ಎ-ಆಜಂ’ ಮೊದಲ ಪ್ರದರ್ಶನ ಕಂಡ ಜಾಗ. 1995ರ ಅಕ್ಟೋಬರ್ 20ರಂದು ‘ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ’ ಬಿಡುಗಡೆಯಾಯಿತು. ನಡುವೆ ಕೊರೋನಾ ಕಾಲದಲ್ಲಿ ಬಾಗಿಲು ಹಾಕಿದ್ದು ಬಿಟ್ಟರೆ ಇಲ್ಲಿ ಓಡುತ್ತಲೇ ಬಂತು. 2025ರ ಅಕ್ಟೋಬರಿಗೆ ಭರ್ತಿ 30 ವರ್ಷ!

ಐವತ್ತರ ನೋಟು ಕೊಟ್ಟೆ. ಚಿಲ್ಲರೆ ವಾಪಸ್ ಬಂತು! ಮಾಲ್‌ನಲ್ಲಿ ಈ ದುಡ್ಡಿಗೆ ಒಂದು ಹಿಡಿ ಪಾಪ್‌ಕಾರ್ನ್ ಸಿಕ್ಕೀತೇ? ನನ್ನ ಎಡಕ್ಕೆ ರಾತ್ರಿ ರೈಲಿಗೆ ಕಾಯುತ್ತಿದ್ದ ಒಬ್ಬ ಮುದುಕ, ಟ್ರಂಕನ್ನು ಕಾಲಡಿ ಇಟ್ಟುಕೊಂಡು. ಬಲಕ್ಕೆ ಕಾಲೇಜು ತಪ್ಪಿಸಿ ಬಂದ ಜೋಡಿ. ಪಕ್ಕದ ಬಸ್ ಸ್ಟ್ಯಾಂಡಿನಿಂದ ಬಂದ ಪ್ರಯಾಣಿಕರೇ ಅರ್ಧ ಜನ. ಕೊನೆಯಲ್ಲಿ ಚಲಿಸುವ ರೈಲಿನ ಬಾಗಿಲಲ್ಲಿ ಶಾರೂಖ್ ಕೈಚಾಚುವ ಹೊತ್ತಿಗೆ ಆ ಮುದುಕನ ತುಟಿ ಡೈಲಾಗಿಗಿಂತ ಒಂದು ಕ್ಷಣ ಮುಂದೆಯೇ ಅಲ್ಲಾಡುತ್ತಿತ್ತು. ಎಷ್ಟನೇ ಸಲವೋ ಪುಣ್ಯಾತ್ಮ!

ಅಲ್ಲಿಂದ ಲ್ಯಾಮಿಂಗ್ಟನ್ ರಸ್ತೆ ಕಾಲ್ನಡಿಗೆ. ಇಲ್ಲೇ ಇತ್ತು ಮಿನರ್ವಾ ಟಾಕೀಸು. ನಮ್ಮ ರಾಮನಗರದ ಬಂಡೆಗಳ ಮೇಲೆ ತೆಗೆದ ‘ಶೋಲೆ’ 1975ರ ಆಗಸ್ಟ್ 15ರಂದು ತೆರೆಕಂಡು ಐದು ವರ್ಷ ಓಡಿದ್ದು ಇದೇ ಮಿನರ್ವಾದಲ್ಲಿ. ಈಗ ಆ ಟಾಕೀಸು ಇಲ್ಲ. ನಿಂತು ನೋಡಿ, ಮನಸ್ಸಿನಲ್ಲೇ ಒಂದು ಶಿಳ್ಳೆ ಹಾಕಿ ಮುಂದೆ ಹೋದೆ.

ಇಪ್ಪತ್ತು ರೂಪಾಯಿಗೆ ಇಡೀ ಇತಿಹಾಸ

ಶುಕ್ರವಾರ ಬಸ್ಸಿನಲ್ಲಿ ಪೆಡ್ಡರ್ ರಸ್ತೆಗೆ. ಕೋಟ್ಯಧಿಪತಿಗಳ ಈ ರಸ್ತೆಯಲ್ಲಿ ಫಿಲ್ಮ್ಸ್ ಡಿವಿಷನ್ ಆವರಣದೊಳಗೆ ಭಾರತೀಯ ಸಿನಿಮಾದ ರಾಷ್ಟ್ರೀಯ ಮ್ಯೂಸಿಯಂ ಇದೆ. 2019ರ ಜನವರಿಯಲ್ಲಿ ಉದ್ಘಾಟನೆಯಾದದ್ದು. ಟಿಕೆಟ್ 20 ರೂಪಾಯಿ, ಸೋಮವಾರ ರಜಾ. ಗುಲ್ಶನ್ ಮಹಲ್ ಎಂಬ ಹಳೇ ಬಂಗಲೆ, ಪಕ್ಕದಲ್ಲಿ ಹೊಸ ಕಟ್ಟಡ. ಹಳೇ ಕ್ಯಾಮರಾ, ಪೋಸ್ಟರು, ಫಾಲ್ಕೆಯವರ ಕಾಲದ ಮೂಕಿಚಿತ್ರದಿಂದ ಹಿಡಿದು ಎಲ್ಲ ಭಾಷೆಗಳ ಸಿನಿಮಾದ ಕಥೆ. ಬೆಳಗ್ಗೆ ಹೋದವನು ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ.

ಬೆಂಗಳೂರಿನಲ್ಲಿ 1925ರ ಜುಲೈ 9ರಂದು ಹುಟ್ಟಿದ ವಸಂತಕುಮಾರ ಪಡುಕೋಣೆ, ಅಂದರೆ ಗುರುದತ್, 1964ರ ಅಕ್ಟೋಬರ್ 10ರಂದು ಕೊನೆಯುಸಿರೆಳೆದದ್ದು ಇದೇ ಪೆಡ್ಡರ್ ರಸ್ತೆಯ ಬಾಡಿಗೆ ಮನೆಯಲ್ಲಿ. ‘ಕಾಗಜ್ ಕೆ ಫೂಲ್’ ನೆಲಕಚ್ಚಿದ್ದು 1959ರಲ್ಲಿ. ವಯಸ್ಸು ಮೂವತ್ತೊಂಬತ್ತೇ. ಕೀರ್ತಿ, ಹಣ ಎಲ್ಲ ಇದ್ದವನಿಗೂ ಈ ಊರು ದುಬಾರಿಯೇ ಆಯಿತು.

ಮಧ್ಯಾಹ್ನ ಕಾಲಾ ಘೋಡಾ. ಅಲ್ಲೊಂದು ಹಳೇ ಕಬ್ಬಿಣದ ಕಟ್ಟಡ, ಆ ಕಾಲದ ವಾಟ್ಸನ್ ಹೋಟೆಲು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಿತ್ರ ಭಾರತದಲ್ಲಿ ಮೊದಲು ತೋರಿಸಿದ್ದು ಇಲ್ಲಿ. ಟಿಕೆಟ್ ಒಂದು ರೂಪಾಯಿ! ಅಂದಿನ ಒಂದು ರೂಪಾಯಿ ಎಂದರೆ ನಿಮ್ಮ ನಮ್ಮಂಥವರು ಹತ್ತಿರ ಸುಳಿಯುವ ಹಾಗಿಲ್ಲ. ಒಂದೇ ವಾರದಲ್ಲಿ ಆಟ ನಾವೆಲ್ಟಿ ಥಿಯೇಟರಿಗೆ ಬಂತು. ಅಲ್ಲಿ ನಾಲ್ಕಾಣೆಯಿಂದ ಟಿಕೆಟ್ ಶುರು. ಗಾಂಧಿ ಕ್ಲಾಸು ಹುಟ್ಟಿದ್ದು ಹೀಗೆ ನೋಡಿ, ಹೆಸರು ಬರುವ ಮೊದಲೇ!

ಸಂಜೆ ಹೊಟ್ಟೆಗೆ ಮಾಟುಂಗಾ. ಸ್ಟೇಷನ್ನಿನ ಪಕ್ಕದಲ್ಲೇ ಎ. ರಾಮನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರಿಂದ ನಡೆದಿದೆ. ಕೂಪನ್ ತಗೊಂಡು ಸರದಿಗೆ ಕೂರಬೇಕು. ಮೂರು ದಿನದಲ್ಲಿ ನನ್ನ ದೊಡ್ಡ ಊಟದ ಖರ್ಚು ಇದೊಂದೇ. ಸಾರಿನ ವಾಸನೆಗೇ ಊರು ನೆನಪಾಯಿತು. ಇಂಥ ಉಡುಪಿ ಹೋಟೆಲುಗಳೇ ಎಷ್ಟೋ ಹುಡುಗರಿಗೆ ಮುಂಬಯಿಯ ಮೊದಲ ಮನೆ. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತವರೆಷ್ಟೋ. ರೋಹಿತ್ ಶೆಟ್ಟಿಯ ತಂದೆ, ಬೋಳುತಲೆಯ ಫೈಟ್ ಮಾಸ್ಟರ್ ಎಂ.ಬಿ. ಶೆಟ್ಟಿ ಹೋಟೆಲ್ ಕೆಲಸದಿಂದ ಬಾಕ್ಸಿಂಗಿಗೆ, ಅಲ್ಲಿಂದ ಸಿನಿಮಾಕ್ಕೆ ಬಂದವರು. ಸುನೀಲ್ ಶೆಟ್ಟಿಯ ತಂದೆಯೂ ಹುಡುಗನಾಗಿದ್ದಾಗ ಹೋಟೆಲಿನಲ್ಲಿ ಮೇಜು ಒರೆಸಿದವರೇ.

ಕೆಳಗಿನ ಬರ್ತಿನ ಹೀರೋ

ಈಗ ಅಸಲು ಕಥೆಗೆ ಬರುತ್ತೇನೆ.

ಡಾರ್ಮಿಟರಿಯಲ್ಲಿ ನನ್ನ ಕೆಳಗಿನ ಮಂಚದಲ್ಲಿ ಗದಗಿನ ಕಡೆಯ ಹುಡುಗನೊಬ್ಬ. ಇಪ್ಪತ್ತೊಂದು ವಯಸ್ಸು, ಐಟಿಐ ಓದು, ಎತ್ತರದ ಆಳು. ಕನ್ನಡಿಯ ಮುಂದೆ ಅರ್ಧ ಗಂಟೆ. ಅಣ್ಣ ಶೇಂಗಾ ಮಾರಿ ಬಂದ ದುಡ್ಡಿನಲ್ಲಿ 15,000 ಕೊಟ್ಟು ಕಳಿಸಿದ್ದನಂತೆ. ಊಟ, ಮಂಚಕ್ಕೆ 3,000 ಕರಗಿತ್ತು. ಅಂಧೇರಿಯ ಒಬ್ಬ ‘ಕೋಆರ್ಡಿನೇಟರ್’ ಫೋಟೋ ತೆಗೆಯಲೆಂದು 5,000 ತಗೊಂಡಿದ್ದ.

“ನಾಳೆ ಇನ್ನ ಏಳು ಸಾವಿರ ಕೊಟ್ರ ಆರ್ಟಿಸ್ಟ್ ಕಾರ್ಡ್ ಕೊಡ್ತಾರಂತ್ರಿ ಅಣ್ಣಾರ. ಕಾರ್ಡ್ ಇದ್ರ ಸೀದಾ ಶೂಟಿಂಗ್.”

“ಊರಿಗೆ ವಾಪಸ್ ಟಿಕೆಟ್?”

“ಅದ್ಯಾಕ್ರಿ? ನಾ ಹೀರೋ ಆಗೇ ಹೋಗಾಂವ!”

ನಾನು ನಗಲಿಲ್ಲ. ಪಿಯುಸಿ ಬಿಟ್ಟ ವರ್ಷ ನಾನೂ ಇದೇ ದಾದರ್‌ನಲ್ಲಿ ಇದೇ ಮಾತು ಆಡಿದವನು. ನಾಲ್ಕನೇ ದಿನಕ್ಕೆ ಜೇಬು ಖಾಲಿ. ಎರಡು ರಾತ್ರಿ ಪ್ಲಾಟ್‌ಫಾರ್ಮಿನಲ್ಲಿ ಮಲಗಿ, ಅಪ್ಪನಿಗೆ ಫೋನು ಮಾಡಿ ಅತ್ತು, ಅವರು ಸಾಲ ಮಾಡಿ ಕಳಿಸಿದ ದುಡ್ಡಿನಲ್ಲಿ ಊರು ಸೇರಿದ್ದು. ಆ ಸಾಲ ತೀರಿದ್ದು ಎರಡು ವರ್ಷಕ್ಕೆ.

ಶನಿವಾರ ಬೆಳಗ್ಗೆ ನಾನು ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡಿಗೆ ಹೋಗಬೇಕಿತ್ತು. ಹೋದೆ, ಅವನನ್ನೂ ಕರೆದುಕೊಂಡೇ. ಮನ್ನತ್ ಮುಂದೆ ಜಾತ್ರೆ. 2025ರಲ್ಲಿ ರಿಪೇರಿಗೆಂದು ಶಾರೂಖ್ ಕುಟುಂಬ ಬೇರೆ ಕಡೆಗೆ ಹೋಗಿದ್ದು ಎಲ್ಲರಿಗೂ ಗೊತ್ತು. ಆದರೂ ಗೇಟಿನ ಜೊತೆ ಫೋಟೋ! ನಾವೂ ಒಂದು ತಗೊಂಡೆವು, ಸುಳ್ಳೇಕೆ ಹೇಳಲಿ.

ಅಲ್ಲಿಂದ ಅಂಧೇರಿ. ಕೋಆರ್ಡಿನೇಟರನ ಆಫೀಸು ಎಂದರೆ ಜೆರಾಕ್ಸ್ ಅಂಗಡಿಯ ಮೇಲೆ ಒಂದು ಕೋಣೆ. ಗೋಡೆ ತುಂಬ ಸ್ಟಾರ್‌ಗಳ ಜೊತೆ ಅವನ ಫೋಟೋ. ನಾನು ಹುಡುಗನ ಅಣ್ಣ ಎಂದೆ. ಮೂರೇ ಪ್ರಶ್ನೆ ಕೇಳಿದೆ: ಯಾವ ಸಿನಿಮಾ? ಡೈರೆಕ್ಟರ್ ಯಾರು? ಏಳು ಸಾವಿರಕ್ಕೆ ರಸೀದಿ ಕೊಡ್ತೀರಾ? ಮೊದಲೆರಡಕ್ಕೆ ನಕ್ಕ. ಮೂರನೆಯದಕ್ಕೆ ಕೆಂಡವಾದ. “ನಂಬಿಕೆ ಇಲ್ಲದವರಿಗೆ ಲೈನಿನಲ್ಲಿ ಜಾಗ ಇಲ್ಲ” ಎಂದು ಬಾಗಿಲು ತೋರಿಸಿದ.

ಮೆಟ್ಟಿಲಿಳಿಯುವಾಗ ಹುಡುಗ ಥ್ಯಾಂಕ್ಸ್ ಹೇಳಿದನೆಂದುಕೊಂಡಿರಾ? ಕಣ್ಣು ಕೆಂಪಾಗಿತ್ತು.

“ನನ್ನ ಚಾನ್ಸ್ ಕಳದ್ರಿ ನೀವು!”

ಉತ್ತರ ಕೊಡಲಿಲ್ಲ. ಅಂಧೇರಿಯಿಂದ ಮೆಟ್ರೋ ಹತ್ತಿಸಿ ವರ್ಸೋವಾಕ್ಕೆ ಕರೆದೊಯ್ದೆ. ಅಲ್ಲಿ ಆರಾಮ್ ನಗರ ಎಂಬ ಕಡೆ ಹಳೇ ಮಿಲಿಟರಿ ಬ್ಯಾರಕ್ಕುಗಳಲ್ಲಿ ಕಾಸ್ಟಿಂಗ್ ಆಫೀಸುಗಳಿವೆ. ಒಂದು ಬಾಗಿಲ ಮುಂದೆ ನಲವತ್ತು ಜನ ಹುಡುಗರ ಸಾಲು. ಪಂಜಾಬಿ, ಬಿಹಾರಿ, ಎಲ್ಲರೂ ಎತ್ತರ, ಎಲ್ಲರೂ ಚೆಂದ, ಎಲ್ಲರೂ ಹೀರೋ! “ಎಷ್ಟು ಕೊಡಬೇಕು?” ಎಂದು ಇವನು ಹಿಂದಿಯಲ್ಲಿ ಕೇಳಿದ. ಸಾಲಿನ ಹುಡುಗರೆಲ್ಲ ಅವನನ್ನೇ ನೋಡಿದರು. ಒಬ್ಬ ಹೇಳಿದ: “ಆಡಿಷನ್‌ಗೆ ದುಡ್ಡು ಕೇಳಿದರೆ ಅದು ಆಡಿಷನ್ ಅಲ್ಲ ಭಾಯಿ.”

ಎರಡು ತಾಸು ನಿಂತ. ಒಳಗಿದ್ದದ್ದು ಎರಡು ನಿಮಿಷ. ಬೆವೆತು ಹೊರಗೆ ಬಂದ.

“ಹೆಸರು, ಊರು, ಎತ್ತರ ಕೇಳಿದ್ರು. ಎಡಕ್ಕ ತಿರುಗು, ಬಲಕ್ಕ ತಿರುಗು ಅಂದ್ರು. ಬೇಕಾದ್ರ ಫೋನ್ ಮಾಡ್ತೀವಿ ಅಂದ್ರು. ಅಷ್ಟರೀ?”

“ಅಷ್ಟೇ.”

ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಪ್ಯಾಂಟಿನ ಒಳಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಏಳು ಸಾವಿರ ಅಲ್ಲೇ ಇತ್ತು.

ಅದೇ ಆ ಷರತ್ತು

ರಾತ್ರಿ ದಾದರ್‌ನಲ್ಲಿ ಲೆಕ್ಕ ಹಾಕಿದೆ. ರೈಲು 840. ಮಂಚ 1,100. ಲೋಕಲ್, ಬಸ್ಸು, ಮೆಟ್ರೋ, ಅವನದೂ ಸೇರಿ 170. ಸಿನಿಮಾ, ಮ್ಯೂಸಿಯಂ ಎರಡೂ 70ರ ಒಳಗೆ. ಊಟ, ವಡಾಪಾವ್, ಚಹಾ 700. ಉಳಿದದ್ದು ಸುಮಾರು 120. ಭಾನುವಾರ ಸಂಜೆ ಅಮಿತಾಭ್ ಮನೆಯ ಮುಂದೆ ನಿಲ್ಲುವ ಆಸೆಯಿತ್ತು. ಇನ್ನೊಂದು ರಾತ್ರಿ ಎಂದರೆ ಇನ್ನೊಂದು 550! ಬಿಗ್ ಬಿಗೆ ದೂರದಿಂದಲೇ ಸಲಾಂ.

ಹುಡುಗ ರೈಲು ಹತ್ತಿಸಲು ಬಂದಿದ್ದ. ನನ್ನ ಜೊತೆ ಬರಲಿಲ್ಲ. ಇನ್ನೊಂದು ತಿಂಗಳು ನೋಡುತ್ತಾನಂತೆ. ಮಾಟುಂಗಾ ಕಡೆಯ ಒಂದು ಹೋಟೆಲಿನಲ್ಲಿ ಊಟ, ಮಲಗಲು ಜಾಗ ಕೊಟ್ಟು ಕೆಲಸಕ್ಕೆ ಇಟ್ಟುಕೊಳ್ಳುತ್ತೇವೆ ಎಂದಿದ್ದರು. ಬೇಡವೆನ್ನಲು ನಾನ್ಯಾರು? ಅವನಿಂದ ಒಂದೇ ಮಾತು ತಗೊಂಡೆ. ಹುಬ್ಬಳ್ಳಿ ಟಿಕೆಟ್ಟಿನ 500 ರೂಪಾಯಿ ಬೇರೆ ಕಟ್ಟಿ, ಪೆಟ್ಟಿಗೆಯ ತಳಕ್ಕೆ ಹಾಕಿ, ಹಸಿದರೂ ಮುಟ್ಟಬಾರದು.

ಮಿತ್ರರೇ, ಷರತ್ತು ಅದೇ. ವಾಪಸ್ ಟಿಕೆಟ್ ಜೇಬಿನಲ್ಲಿದ್ದರೆ ಮುಂಬಯಿಯಲ್ಲಿ ಐದು ರೂಪಾಯಿಗೆ ರೈಲು, ಇಪ್ಪತ್ತಕ್ಕೆ ಮ್ಯೂಸಿಯಂ, ಐವತ್ತರೊಳಗೆ ಶಾರೂಖ್. ಅದಿಲ್ಲದಿದ್ದರೆ ಪ್ಲಾಟ್‌ಫಾರ್ಮಿನ ನೀರೂ ದುಬಾರಿ. ಹೋಗಿ, ಖಂಡಿತ ಹೋಗಿ. ಟಿಕೆಟ್ ಎರಡೂ ಒಟ್ಟಿಗೇ ತಗೊಳ್ಳಿ.

ರೈಲು ಹೊರಟಾಗ ಹುಡುಗ ಬಾಗಿಲ ಜೊತೆ ನಾಲ್ಕು ಹೆಜ್ಜೆ ಓಡಿ ಬಂದ. “ಅಣ್ಣಾರ, ನೀವು ಬರಿಯೋ ಪುಸ್ತಕದಾಗ ನನ್ನ ಫೋಟೋ ಹಾಕಸ್ರಿ!” ಎಂದು ಕೂಗಿದ.

ಹಾಕಿಸುತ್ತೇನೆ ಕಣೋ. ಮೊದಲು ಒಂದು ಪಾತ್ರ ಸಿಗಲಿ.