ಕಾರಿನೊಳಗಿನ ಪುಟ್ಟ ಬಾಗಿಲು



ಹಾಲು ಕಾಯಿಸುವಾಗ ನಾವು ಏನು ಮಾಡುತ್ತೇವೆ? ಒಲೆಯ ಮುಂದೆಯೇ ನಿಲ್ಲುತ್ತೇವೆ. ಉರಿ ಹೆಚ್ಚಾದರೆ ಹಾಲು ಉಕ್ಕುತ್ತದೆ. ಉರಿ ಕಡಿಮೆಯಾದರೆ ಹಾಲು ಕಾಯುವುದೇ ಇಲ್ಲ. ಎರಡೂ ಆಗಬಾರದು. ಹದ ಬೇಕು.

ಕಾರಿನ ಇಂಜಿನ್‌ಗೂ ಹಾಗೆಯೇ. ತೀರಾ ಬಿಸಿಯಾದರೆ ಕೆಡುತ್ತದೆ. ತಣ್ಣಗೆ ಓಡಿದರೂ ಸವೆಯುತ್ತದೆ. ಆ ಹದ ಕಾಯಲು ಇಂಜಿನ್ ಒಳಗೆ ಒಂದು ಪುಟ್ಟ ಬಾಗಿಲು ಇದೆ. ಅದರ ಹೆಸರು ಥರ್ಮೋಸ್ಟಾಟ್. ಅದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು.

"ಕಾರಿನ ವಿಷಯ ನಮಗ್ಯಾಕೆ?" ಅಂತ ನಾವೂ ಕೇಳುತ್ತಿದ್ದೆವು. ಈಗ ಕೇಳುವುದಿಲ್ಲ. ಯಾಕೆ ಅಂತ ಹೇಳುತ್ತೇವೆ, ಓದಿ.

ಚಾರ್ಮಾಡಿ ದಾರಿಯಲ್ಲಿ

ನಮ್ಮ ಓದುವ ಗುಂಪಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರ ಮನೆಯಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರು ಇದೆ. ಪೆಟ್ರೋಲ್ ಗಾಡಿ. ಈ ಅಂಬಾಸಿಡರ್ ಕಾರುಗಳು ಪಶ್ಚಿಮ ಬಂಗಾಳದ ಉತ್ತರಪಾರಾ ಎಂಬ ಊರಿನಲ್ಲಿ ತಯಾರಾಗುತ್ತಿದ್ದವು. 2014ರಲ್ಲಿ ಅದು ನಿಂತಿತು. ಆದರೂ ಅಕ್ಕನ ಮನೆಯ ಕಾರು ಇನ್ನೂ ಓಡುತ್ತಿದೆ. ಮದುವೆಗೆ, ಆಸ್ಪತ್ರೆಗೆ, ದೇವಸ್ಥಾನಕ್ಕೆ ಜನ ಬಾಡಿಗೆಗೆ ಕರೆಯುತ್ತಾರೆ. ಭಾವ ಓಡಿಸುತ್ತಾರೆ. ಆ ಬಾಡಿಗೆಯಲ್ಲೇ ಮನೆ ನಡೆಯಬೇಕು. ಮಕ್ಕಳ ಫೀಸು ಕಟ್ಟಬೇಕು.

ಒಂದು ಸಲ ನಾವೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದೆವು. ಬರುವಾಗ ಉಜಿರೆ ದಾಟಿದೆವು. ಚಾರ್ಮಾಡಿ ಘಾಟಿ ಇನ್ನೂ ಶುರುವಾಗಿರಲಿಲ್ಲ. ಅಷ್ಟರಲ್ಲೇ ಬಾನೆಟ್ ಸಂದಿಯಿಂದ ಹಬೆ ಬಂತು. ಗಾಡಿ ಕುದಿಯುತ್ತಿತ್ತು.

ಭಾವ ಗಾಡಿ ನಿಲ್ಲಿಸಿದರು. ಅವಸರದಲ್ಲಿ ರೇಡಿಯೇಟರ್ ಮುಚ್ಚಳ ತಿರುಗಿಸಿದರು. ಬುಸ್ ಅಂತ ಬಿಸಿನೀರು ಚಿಮ್ಮಿತು. ಅವರ ಬಲಗೈ ಸುಟ್ಟಿತು. ಹದಿನೈದು ದಿನ ಸ್ಟೇರಿಂಗ್ ಹಿಡಿಯಲು ಆಗಲಿಲ್ಲ. ಅಷ್ಟು ದಿನವೂ ಬಾಡಿಗೆ ಇಲ್ಲ.

ಆ ದಿನ ದಾರಿಯಲ್ಲಿ ಒಬ್ಬ ಮೆಕ್ಯಾನಿಕ್ ಸಿಕ್ಕಿದರು. ಇಂಜಿನ್ ತಣಿದ ಮೇಲೆ ಥರ್ಮೋಸ್ಟಾಟ್ ಬಿಚ್ಚಿದರು. ಅದು ಮುಚ್ಚಿದಲ್ಲೇ ಸಿಕ್ಕಿಕೊಂಡಿತ್ತು. "ಇದು ಬೇಡವೇ ಬೇಡ. ಇಲ್ಲದೇನೂ ಗಾಡಿ ಓಡುತ್ತೆ" ಅಂದರು. ಅದನ್ನು ಹಾಕದೆಯೇ ಗಾಡಿ ಕಟ್ಟಿಕೊಟ್ಟರು. ಬೇರೆ ಡ್ರೈವರನ್ನು ಕರೆಸಿ ಹೇಗೋ ಮನೆ ಸೇರಿದೆವು.

ಲೆಕ್ಕದ ಪುಸ್ತಕ ಹೇಳಿದ್ದು

ಅಕ್ಕ ಓದು ಬರಹ ಕಲಿತ ಮೇಲೆ ಒಂದು ಲೆಕ್ಕದ ಪುಸ್ತಕ ಇಟ್ಟಿದ್ದರು. ಎಷ್ಟು ಕಿಲೋಮೀಟರ್ ಓಡಿತು? ಎಷ್ಟು ಲೀಟರ್ ಪೆಟ್ರೋಲ್ ಹಾಕಿದ್ದು? ಎಲ್ಲವನ್ನೂ ಬರೆಯುತ್ತಿದ್ದರು.

ಎರಡು ತಿಂಗಳು ಕಳೆಯಿತು. ಅಕ್ಕ ಪುಸ್ತಕ ತೆಗೆದು ಕೂಡಿಸಿ ಭಾಗಿಸಿದರು. ಮೊದಲು 1 ಲೀಟರಿಗೆ 10 ಕಿಲೋಮೀಟರ್ ಓಡುತ್ತಿದ್ದ ಗಾಡಿ ಈಗ 9 ಕಿಲೋಮೀಟರ್ ಓಡುತ್ತಿತ್ತು. ಅಂದರೆ 900 ಕಿಲೋಮೀಟರ್ ಓಡಲು ಮೊದಲು 90 ಲೀಟರ್ ಸಾಕಿತ್ತು. ಈಗ 100 ಲೀಟರ್ ಬೇಕು. 10 ಲೀಟರ್ ಪೆಟ್ರೋಲಿನ ದುಡ್ಡು ಸುಮ್ಮನೆ ಹೋಗುತ್ತಿದೆ! ಮಳೆಗಾಲದ ಬೆಳಿಗ್ಗೆಯಂತೂ ಗಾಡಿ ಬೇಗ ಬಿಸಿಯೇ ಆಗುತ್ತಿರಲಿಲ್ಲ. ಜಗ್ಗಿ ಜಗ್ಗಿ ಓಡುತ್ತಿತ್ತು.

ಭಾವ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿ "ಇಂಜಿನ್ ಬಿಚ್ಚಬೇಕು" ಅಂದರು. ದೊಡ್ಡ ಖರ್ಚು. ಅಕ್ಕನ ಓಲೆ ಅಡ ಇಡುವ ಮಾತು ಬಂತು.

ಆಗ ಅಕ್ಕ ಪುಸ್ತಕ ತೋರಿಸಿ ಕೇಳಿದರು: "ಖರ್ಚು ಜಾಸ್ತಿ ಆದದ್ದು ಧರ್ಮಸ್ಥಳಕ್ಕೆ ಹೋಗಿಬಂದ ಮೇಲೆ. ಆ ದಿನ ಗಾಡಿಯಿಂದ ಏನೋ ತೆಗೆದರಲ್ಲ? ಅದನ್ನು ಮತ್ತೆ ಹಾಕಿ ನೋಡಬಾರದೇ?"

ನಮ್ಮ ಊರಿನ ವಯಸ್ಸಾದ ಮೆಕ್ಯಾನಿಕ್ ಅಣ್ಣ ತಲೆಯಾಡಿಸಿದರು. "ಸರಿಯಾಗಿ ಕೇಳಿದೆಯಮ್ಮ. ಮೊದಲು ಅದನ್ನೇ ನೋಡೋಣ" ಅಂದರು.

ಬಾಗಿಲು ಹೇಗೆ ಕೆಲಸ ಮಾಡುತ್ತದೆ?

ಆ ಅಣ್ಣ ನಮಗೆ ಬಿಡಿಸಿ ಹೇಳಿದರು. ಅದನ್ನೇ ಇಲ್ಲಿ ಬರೆಯುತ್ತೇವೆ.

ಇಂಜಿನ್ ಒಳಗೆ ಪೆಟ್ರೋಲ್ ಉರಿಯುತ್ತದೆ. ಇಂಜಿನ್ ಕಾಯುತ್ತದೆ. ಆ ಶಾಖ ತೆಗೆಯಲು ಇಂಜಿನ್ ಸುತ್ತ ನೀರು ಹರಿಯುತ್ತದೆ. ಬಿಸಿಯಾದ ನೀರು ಮೇಲಿನ ರಬ್ಬರ್ ಪೈಪಿನಿಂದ ರೇಡಿಯೇಟರಿಗೆ ಹೋಗುತ್ತದೆ. ರೇಡಿಯೇಟರ್ ಕಾರಿನ ಮೂತಿಯ ಹಿಂದೆ ಇರುತ್ತದೆ. ಅಲ್ಲಿ ಗಾಳಿಗೆ ನೀರು ತಣಿಯುತ್ತದೆ. ಕೆಳಗಿನ ಪೈಪಿನಿಂದ ಮತ್ತೆ ಇಂಜಿನ್‌ಗೆ ಬರುತ್ತದೆ.

ಇಂಜಿನ್‌ನಿಂದ ನೀರು ಹೊರಗೆ ಹೋಗುವ ಜಾಗದಲ್ಲಿ ಥರ್ಮೋಸ್ಟಾಟ್ ಕೂತಿರುತ್ತದೆ. ಕೆರೆಗೆ ತೂಬು ಇದ್ದ ಹಾಗೆ. ಆದರೆ ಈ ತೂಬನ್ನು ಯಾರೂ ಎತ್ತಬೇಕಾಗಿಲ್ಲ. ಅದರೊಳಗೆ ಒಂದು ಸಣ್ಣ ಲೋಹದ ಗುಂಡು ಇದೆ. ಗುಂಡಿನಲ್ಲಿ ಮೇಣ ತುಂಬಿದೆ. ಬಿಸಿಗೆ ಮೇಣ ಕರಗಿ ಹಿಗ್ಗುತ್ತದೆ. ಹಿಗ್ಗಿದಾಗ ಬಾಗಿಲನ್ನು ತಳ್ಳುತ್ತದೆ. ಬಾಗಿಲು ತೆರೆಯುತ್ತದೆ. ತಣಿದಾಗ ಮೇಣ ಕುಗ್ಗುತ್ತದೆ. ಸ್ಪ್ರಿಂಗ್ ಬಾಗಿಲನ್ನು ಮುಚ್ಚುತ್ತದೆ.

ಬೆಳಿಗ್ಗೆ ಗಾಡಿ ಶುರು ಮಾಡಿದಾಗ ಬಾಗಿಲು ಮುಚ್ಚಿರುತ್ತದೆ. ನೀರು ಇಂಜಿನ್ ಒಳಗೇ ಸುತ್ತುತ್ತದೆ. ಇಂಜಿನ್ ಬೇಗ ಹದಕ್ಕೆ ಬರುತ್ತದೆ. ಹದ ಮೀರುವ ಮೊದಲು ಬಾಗಿಲು ತೆರೆಯುತ್ತದೆ.

ಬಾಗಿಲು ಮುಚ್ಚಿದಲ್ಲೇ ಸಿಕ್ಕಿಕೊಂಡರೆ? ಬಿಸಿನೀರು ಹೊರಗೆ ಹೋಗುವುದಿಲ್ಲ. ಗಾಡಿ ಕುದಿಯುತ್ತದೆ. ನಮಗೆ ಉಜಿರೆಯ ಹತ್ತಿರ ಆದದ್ದು ಇದೇ.

ಬಾಗಿಲು ತೆರೆದಲ್ಲೇ ಸಿಕ್ಕಿಕೊಂಡರೆ, ಅಥವಾ ಬಾಗಿಲೇ ಇಲ್ಲದಿದ್ದರೆ? ಇಂಜಿನ್ ಬಹಳ ಹೊತ್ತು ತಣ್ಣಗೇ ಇರುತ್ತದೆ. ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಖರ್ಚು ಹೆಚ್ಚುತ್ತದೆ. ಉರಿಯದ ಪೆಟ್ರೋಲ್ ಇಂಜಿನ್ ಆಯಿಲಿಗೆ ಸೇರುತ್ತದೆ. ಒಳಗಿನ ಭಾಗಗಳು ಬೇಗ ಸವೆಯುತ್ತವೆ. ಎರಡು ತಿಂಗಳು ನಮ್ಮ ಗಾಡಿಗೆ ಆದದ್ದು ಇದು.

ನಾವು ಓದಿದ ಅಂಕಿ

ಅಣ್ಣ ಹೊಸ ಥರ್ಮೋಸ್ಟಾಟ್ ತರಿಸಿದರು. ನಮ್ಮ ಕೈಗೆ ಕೊಟ್ಟು "ಓದಿ" ಅಂದರು. ಅದರ ಮೇಲೆ 82 ಎಂದು ಒತ್ತಿತ್ತು. ಅಂದರೆ 82 ಡಿಗ್ರಿ ಶಾಖಕ್ಕೆ ಬಾಗಿಲು ತೆರೆಯಲು ಶುರುವಾಗುತ್ತದೆ. ಕೆಲವು ಕಾರಿಗೆ 74, ಕೆಲವಕ್ಕೆ 88 ಇರುತ್ತದೆ. ನಮ್ಮ ಕಾರಿಗೆ ಯಾವ ಅಂಕಿ ಬೇಕೋ ಅದನ್ನೇ ಕೇಳಿ ತರಬೇಕು.

ಹಾಕುವ ಮೊದಲು ಪರೀಕ್ಷೆ ಮಾಡಿದೆವು. ಇದು ಒಲೆಯ ಮುಂದಿನ ಕೆಲಸ. ನಮಗೆ ಚೆನ್ನಾಗಿ ಗೊತ್ತಿರುವ ಕೆಲಸ!

ಒಂದು ಹಳೆಯ ಡಬ್ಬದಲ್ಲಿ ನೀರು ಇಟ್ಟೆವು. ಅಡುಗೆ ಪಾತ್ರೆ ಬಳಸಲಿಲ್ಲ. ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಟ್ಟೆವು. ಅದು ತಳಕ್ಕೆ ತಾಗಬಾರದು. ನೀರು ಬೆಚ್ಚಗಾದಾಗ ಬಾಗಿಲು ಮುಚ್ಚಿತ್ತು. ನೀರಿನಲ್ಲಿ ಹಬೆ ಎದ್ದಿತು. ಕುದಿಯುವ ಮೊದಲೇ ಬಾಗಿಲು ಮೆಲ್ಲಗೆ ತೆರೆಯಿತು. ಹೊರಗೆ ತೆಗೆದೆವು. ತಣಿದಾಗ ಮತ್ತೆ ಮುಚ್ಚಿಕೊಂಡಿತು.

ಭಾವ ಹಳೆಯದನ್ನೂ ಇಟ್ಟುಕೊಂಡಿದ್ದರು. ಅದನ್ನೂ ನೀರಿಗೆ ಬಿಟ್ಟೆವು. ನೀರು ತಕತಕ ಕುದಿಯಿತು. ಬಾಗಿಲು ಅಲ್ಲಾಡಲೇ ಇಲ್ಲ. ನೋಡಿದ ಮೇಲೆ ಯಾರೂ ನಮಗೆ ವಿವರಿಸಬೇಕಾಗಲಿಲ್ಲ.

ಒಂದು ಎಚ್ಚರಿಕೆ. ಜ್ವರ ನೋಡುವ ಥರ್ಮಾಮೀಟರನ್ನು ಈ ಬಿಸಿನೀರಿಗೆ ಹಾಕಬೇಡಿ. ಅದು ಇಷ್ಟು ಶಾಖ ತಡೆಯುವುದಿಲ್ಲ. ಒಡೆಯುತ್ತದೆ.

ಬದಲಾಯಿಸಿದ ಬಗೆ

ಅಕ್ಕನೇ ಸ್ಪ್ಯಾನರ್ ಹಿಡಿದರು. ಅಣ್ಣ ಪಕ್ಕದಲ್ಲಿ ನಿಂತು ಹೇಳಿಕೊಟ್ಟರು. ನೀವೂ ಮೊದಲ ಸಲ ಗೊತ್ತಿದ್ದವರ ಜೊತೆಗೇ ಮಾಡಿ.

1. ರಾತ್ರಿಯಿಡೀ ಗಾಡಿ ನಿಂತಿತ್ತು. ಇಂಜಿನ್ ಪೂರ್ತಿ ತಣ್ಣಗಿತ್ತು. ಸಮನೆಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿದೆವು. ಚಕ್ರಕ್ಕೆ ಕಲ್ಲು ಕೊಟ್ಟೆವು.

2. ಸೆರಗು ಸೊಂಟಕ್ಕೆ ಸಿಕ್ಕಿಸಿದೆವು. ಜಡೆ ಸುತ್ತಿ ಕಟ್ಟಿದೆವು. ಹಳೆಯ ಅಂಬಾಸಿಡರಿನಲ್ಲಿ ಇಂಜಿನ್ ಓಡುವಾಗ ಮುಂದಿನ ಫ್ಯಾನ್ ಬೆಲ್ಟಿನಿಂದ ತಿರುಗುತ್ತಲೇ ಇರುತ್ತದೆ. ಸೆರಗು, ಜಡೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ.

3. ರೇಡಿಯೇಟರ್ ಮುಚ್ಚಳ ತೆಗೆದು, ಕೆಳಗಿನಿಂದ ಸ್ವಲ್ಪ ನೀರು ಬೋಗುಣಿಗೆ ಇಳಿಸಿದೆವು. ಥರ್ಮೋಸ್ಟಾಟ್ ಇರುವ ಮಟ್ಟಕ್ಕಿಂತ ನೀರು ಕೆಳಗೆ ಇಳಿದರೆ ಸಾಕು. ಈ ನೀರಿನಲ್ಲಿ ಕೂಲೆಂಟ್ ಇತ್ತು. ಕೂಲೆಂಟ್ ವಿಷ. ರುಚಿ ಸಿಹಿ. ನಾಯಿ, ದನ, ಮಕ್ಕಳು ಕುಡಿಯಬಹುದು. ಅದಕ್ಕೇ ತಕ್ಷಣ ಮುಚ್ಚಿಟ್ಟೆವು. ಚರಂಡಿಗೆ ಚೆಲ್ಲಲಿಲ್ಲ.

4. ಮೇಲಿನ ಪೈಪಿನ ಕ್ಲಿಪ್ ಸಡಿಲಿಸಿ ಪೈಪ್ ಬಿಡಿಸಿದೆವು. ಅದು ಕೂರುವ ಲೋಹದ ಮುಚ್ಚಳಕ್ಕೆ ಮೂರು ನಟ್ ಇದ್ದವು. ಒಂದು ನಟ್ ತುಕ್ಕು ಹಿಡಿದಿತ್ತು. ಅಕ್ಕ ಜೋರಾಗಿ ತಿರುಗಿಸಲು ಹೋದರು. "ತಡಿಯಮ್ಮ, ಬೋಲ್ಟ್ ಮುರಿಯುತ್ತೆ" ಅಂದರು ಅಣ್ಣ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾದೆವು. ಟೀ ಕುಡಿದು ಬರುವಷ್ಟರಲ್ಲಿ ನಟ್ ಬಿಟ್ಟಿತು.

5. ಮುಚ್ಚಳ ಎತ್ತಿದೆವು. ಒಳಗೆ ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ! ತೂತಿಗೆ ಬಟ್ಟೆ ತುರುಕಿ, ಹಳೆಯ ಪ್ಯಾಕಿಂಗನ್ನು ಮೆಲ್ಲಗೆ ಕೆರೆದು ತೆಗೆದೆವು. ಚೂರು ಒಳಗೆ ಬೀಳಬಾರದು. ಆಮೇಲೆ ಬಟ್ಟೆಯನ್ನು ಮರೆಯದೆ ತೆಗೆದೆವು.

6. ಹೊಸ ಥರ್ಮೋಸ್ಟಾಟ್ ಇಟ್ಟೆವು. ಮೇಣದ ಗುಂಡು, ಸ್ಪ್ರಿಂಗ್ ಇರುವ ಕಡೆ ಇಂಜಿನ್ ಒಳಗೆ ಇರಬೇಕು. ತಲೆಕೆಳಗಾಗಿ ಇಟ್ಟರೆ ಗಾಡಿ ಮತ್ತೆ ಕುದಿಯಬಹುದು.

7. ಹೊಸ ಪ್ಯಾಕಿಂಗ್ ಹಾಕಿ ಮುಚ್ಚಳ ಕೂರಿಸಿದೆವು. ಮೂರೂ ನಟ್‌ಗಳನ್ನು ಸರದಿಯಂತೆ ಸ್ವಲ್ಪ ಸ್ವಲ್ಪ ಬಿಗಿ ಮಾಡಿದೆವು. ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಮುಚ್ಚಳ ಓರೆಯಾಗಿ ನೀರು ಸೋರುತ್ತದೆ.

8. ಪೈಪ್ ಸಿಕ್ಕಿಸಿ ಕ್ಲಿಪ್ ಬಿಗಿದೆವು. ಡಬ್ಬದ ಮೇಲೆ ಬರೆದ ಅಳತೆಯಂತೆ ಕೂಲೆಂಟ್ ಬೆರೆಸಿ ನಿಧಾನವಾಗಿ ತುಂಬಿದೆವು. ಬರೀ ಬೋರ್‌ವೆಲ್ ನೀರು ಹಾಕಲಿಲ್ಲ. ಸ್ನಾನದ ಹಂಡೆಯಲ್ಲಿ ಬಿಳಿ ಪೊರೆ ಕಟ್ಟುತ್ತದಲ್ಲ, ಇಂಜಿನ್ ಒಳಗೂ ಹಾಗೆಯೇ ಕಟ್ಟುತ್ತದೆ.

9. ತಣ್ಣಗಿರುವ ಇಂಜಿನನ್ನು ಮುಚ್ಚಳ ಹಾಕದೆ ಶುರು ಮಾಡಿದೆವು. ದೂರ ನಿಂತು ನೋಡಿದೆವು. ಒಳಗಿದ್ದ ಗಾಳಿ ಗುಳ್ಳೆಗುಳ್ಳೆಯಾಗಿ ಹೊರಬಂತು. ನೀರಿನ ಮಟ್ಟ ಇಳಿಯಿತು. ಇನ್ನಷ್ಟು ತುಂಬಿ, ನೀರು ಕುದಿಯುವ ಮೊದಲೇ ಮುಚ್ಚಳ ಹಾಕಿದೆವು.

ಆಮೇಲೆ ಭಾವ ಒಂದು ಸುತ್ತು ಓಡಿಸಿ ಬಂದರು. ಶಾಖ ತೋರಿಸುವ ಮುಳ್ಳು ಮೇಲೆ ಬಂದು ನಡುವೆ ನಿಂತಿತ್ತು. ಎಲ್ಲೂ ಸೋರಿಕೆ ಇರಲಿಲ್ಲ. ಮುಂದಿನ ತಿಂಗಳು ಅಕ್ಕನ ಪುಸ್ತಕದಲ್ಲಿ ಮತ್ತೆ 10 ಎಂಬ ಅಂಕಿ ಬಂತು. ಓಲೆ ಕಿವಿಯಲ್ಲೇ ಉಳಿಯಿತು.

ಗಾಡಿ ಕುದಿದಾಗೆಲ್ಲ ಇದೇ ಕಾರಣವೇ?

ಅಲ್ಲ. ನೀರು ಕಡಿಮೆಯಾಗಿರಬಹುದು. ಪೈಪ್ ಸೋರುತ್ತಿರಬಹುದು. ಫ್ಯಾನ್ ಬೆಲ್ಟ್ ತುಂಡಾಗಿರಬಹುದು. ರೇಡಿಯೇಟರ್ ಕಟ್ಟಿಕೊಂಡಿರಬಹುದು. ನೀರಿನ ಪಂಪ್ ಕೆಟ್ಟಿರಬಹುದು. ಮೊದಲು ಇವನ್ನೂ ನೋಡಬೇಕು. ಇಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಹಾಗೆ ಕಂಡರೆ ನೀರು ಆಯಿಲಿಗೆ ಸೇರಿದೆ ಎಂದು ಅರ್ಥ. ಆಗ ಗಾಡಿ ಓಡಿಸಬೇಡಿ. ತಿಳಿದವರಿಗೆ ತೋರಿಸಿ.

ನೆನಪಿಡೋಣ

ರೇಡಿಯೇಟರ್ ಕುಕ್ಕರ್ ಇದ್ದ ಹಾಗೆ. ಒಳಗೆ ಒತ್ತಡ ಇರುತ್ತದೆ. ಬಿಸಿ ಇರುವಾಗ ಮುಚ್ಚಳ ತೆಗೆಯಲೇಬೇಡಿ.

ಗಾಡಿ ಕುದಿದರೆ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ, ಪೂರ್ತಿ ತಣಿಯುವವರೆಗೆ ಕಾಯಿರಿ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಅದು ಬಿರುಕು ಬಿಡಬಹುದು.

ಕೈ ಸುಟ್ಟರೆ ಬಳೆ, ಉಂಗುರ ಬೇಗ ತೆಗೆಯಿರಿ. ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚಬೇಡಿ. ಶುದ್ಧ ಬಟ್ಟೆ ಮುಚ್ಚಿ ಡಾಕ್ಟರಿಗೆ ತೋರಿಸಿ.

"ಇದು ಬೇಡ" ಅಂತ ಯಾರಾದರೂ ಗಾಡಿಯ ಭಾಗ ತೆಗೆದರೆ ಸುಮ್ಮನಿರಬೇಡಿ. ಅದು ಏನು ಕೆಲಸ ಮಾಡುತ್ತದೆ ಎಂದು ಕೇಳಿ. ಪುಸ್ತಕದಲ್ಲಿ ಬರೆದಿಡಿ.

ಮಾತಾಡೋಣ

1. ಅಕ್ಕ ಲೆಕ್ಕ ಬರೆಯದಿದ್ದರೆ ಏನಾಗುತ್ತಿತ್ತು?

2. ನಿಮ್ಮ ಮನೆಯಲ್ಲಿ ಯಾವ ಯಂತ್ರ ಇದೆ? ಪಂಪ್‌ಸೆಟ್? ಮಿಕ್ಸಿ? ಹೊಲಿಗೆ ಯಂತ್ರ? ಅದರ ಮೇಲೆ ಬರೆದ ಅಂಕಿಗಳನ್ನು ಓದಿ. ಅವು ಏನು ಹೇಳುತ್ತವೆ ಎಂದು ಕೇಳಿ ತಿಳಿಯಿರಿ.

3. ಒಂದು ತಿಂಗಳು ಯಾವುದಾದರೂ ಒಂದು ಖರ್ಚಿನ ಲೆಕ್ಕ ಬರೆಯಿರಿ. ಗುಂಪಿನಲ್ಲಿ ಓದಿ ಹೇಳಿ.